ಪೊಲೀಸ್ ಟೆಲಿಫೋನಿನ ಕೆಲಸ ಕೇಳಲು ಹೋದದ್ದು

“ಅಜ್ಜೀ, ಪೊಲೀಸ್ ಠಾಣೆಗೆ ಇದೇ ದಾರಿಯಾ?”

ಗದ್ದೆಯಂಚಿನ ಹುಣಿಯಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿ ಬೆನ್ನು ನೆಟ್ಟಗೆ ಮಾಡಿ, ನನ್ನನ್ನು ಚಪ್ಪಲಿಯಿಂದ ಹಿಡಿದು ಕೊಡೆಯ ತುದಿಯವರೆಗೆ ನೋಡಿದಳು. ಹೊಸಂಗಡಿಯಲ್ಲಿ ಬಸ್ಸಿಳಿದವಳು ನಾನು, ನಡೆದೂ ನಡೆದೂ ಮತ್ತೆ ಅದೇ ನೀರಿನ ತೋಡಿನ ಬದಿಗೆ ಬಂದು ನಿಂತಿದ್ದೆ. ರಂಗೂನಿನ ಗಲ್ಲಿಗಳಲ್ಲಿ ದಾರಿ ತಪ್ಪದವಳು, ಕೊಲಂಬೋದ ಬಂದರಿನಲ್ಲಿ ದಾರಿ ತಪ್ಪದವಳು, ಹುಟ್ಟಿದ ತಾಲೂಕಿನಲ್ಲಿ ತಪ್ಪಿದ್ದೆ. ಇಂಥವು ನನಗೆ ಪರವೂರಿನಲ್ಲಿ ಆಗುವುದೇ ಇಲ್ಲ. ಊರಿಗೆ ಕಾಲಿಟ್ಟ ಕೂಡಲೇ ಒಂದರ ಬಾಲ ಹಿಡಿದು ಒಂದು ಶುರುವಾಗುತ್ತವೆ.

ನಾನು ಹೊರಟದ್ದು ಕೆಲಸ ಕೇಳಲಿಕ್ಕೆ. ಆಗ ನಮ್ಮ ಊರುಗಳೆಲ್ಲ ಇನ್ನೂ ಮದ್ರಾಸಿಗೆ ಸೇರಿದ್ದವು. ಹೊಸಂಗಡಿ ಕಡೆಯ ಒಂದು ಠಾಣೆಗೆ (ಹೆಸರು ಬೇಡ) ಹೊಸತಾಗಿ ಟೆಲಿಫೋನು ಬಂದಿತ್ತು. ಬೆಂಕಿ ಬಿತ್ತು, ಹೊಡೆದಾಟ ಆಯಿತು ಎಂದು ಜನ ಫೋನು ಮಾಡಿದರೆ ಎತ್ತಿ ಕೇಳಿ, ಪೊಲೀಸರನ್ನು ಕಳಿಸಲು ಒಬ್ಬರು ಬೇಕು ಎಂಬ ಸುದ್ದಿ ನೆಕ್ರಾಜೆಯ ನನ್ನ ಅಕ್ಕನ ಮನೆಯವರೆಗೂ ಬಂದಿತ್ತು. ಪರವೂರಿನ ದೊಡ್ಡ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಂಡು, ಕಡೆಗೆ ಮುಂಬಯಿಯ ಒಂದು ನರ್ಸಿಂಗ್ ಹೋಮಿನಲ್ಲಿ ಫೋನು ಎತ್ತುತ್ತಾ ಇದ್ದು ಬಂದವಳು ನಾನು. ಭಾವನಿಗೆ ನನ್ನದೇ ಚಿಂತೆ. “ತಿರುಗಿದ್ದು ಸಾಕು. ಕಾರಡ್ಕದಲ್ಲಿ ನಮ್ಮ ದೊಡ್ಡಮ್ಮ ಒಬ್ಬರೇ ಇದ್ದಾರೆ. ಅವರ ಜೊತೆಗೆ ಇದ್ದುಬಿಡು. ಊಟಕ್ಕೆ ಕಡಿಮೆ ಇಲ್ಲ” ಎಂದಿದ್ದರು. ದೊಡ್ಡಮ್ಮನನ್ನು ನಾನು ಒಂದು ಮಧ್ಯಾಹ್ನ ನೋಡಿ ಬಂದಿದ್ದೆ. ನಾನು ನೀರು ಕುಡಿದರೂ ಯಾಕೆ ಎಂದು ಕೇಳುವವರು. ಈ ಕೆಲಸ ಸಿಕ್ಕಿದರೆ ನನ್ನದೇ ಒಂದು ಕೋಣೆ, ನನ್ನದೇ ಒಂದು ಬೀಗದ ಕೈ. ಸಿಗದಿದ್ದರೆ ದೊಡ್ಡಮ್ಮ.

ಅಜ್ಜಿ ತೋರಿಸಿದ ದಾರಿ

“ಠಾಣೆಗಾ?” ಎಂದಳು ಅಜ್ಜಿ. “ಗಂಡ ಹೊಡೆದನಾ ಮಗಾ?”

“ಗಂಡ ಇಲ್ಲ ಅಜ್ಜೀ.”

“ಹಾಗಾದ್ರೆ ಜಾಗದ ತಕರಾರಾ?”

“ಜಾಗವೂ ಇಲ್ಲ. ಕೆಲಸ ಕೇಳ್ಲಿಕ್ಕೆ.”

ಅಜ್ಜಿ ಮರುಕದಿಂದ ತಲೆಯಾಡಿಸಿದಳು. ಹೇಳಲಾಗದ ಸಂಕಟ ಏನೋ ಇದೆ, ಪಾಪ, ಮುಚ್ಚಿಡುತ್ತಿದ್ದಾಳೆ ಎಂದುಕೊಂಡಿರಬೇಕು. ಕತ್ತಿಯ ತುದಿಯಿಂದ ದಾರಿ ತೋರಿಸಿದಳು. ಗುಡ್ಡೆ ಹತ್ತಬೇಕು, ಮಸೀದಿ ದಾಟಬೇಕು, ಕೆಂಪು ಗೇಟಿನ ಒಳಗೆ ಹೋಗಬೇಕು. ಹತ್ತಿದೆ, ದಾಟಿದೆ, ಕೆಂಪು ಗೇಟು ತೆರೆದು ಒಳಗೆ ಹೋದೆ. ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿದ್ದ ಒಬ್ಬ ಹಿರಿಯರು ಎದ್ದು, ಬಹಳ ಪ್ರೀತಿಯಿಂದ ಬೆಂಚು ತೋರಿಸಿದರು.

“ಕೂತ್ಕೊಳ್ಳಿ. ಎಂತ ಕೇಸು?”

ಅದು ವಕೀಲರ ಮನೆ.

ನಾನು ವಿಷಯ ಹೇಳಿದೆ. ವಕೀಲರು ಬೇಸರ ಮಾಡಿಕೊಳ್ಳಲಿಲ್ಲ. ಬೆಲ್ಲ ನೀರು ಕೊಟ್ಟು, ಠಾಣೆಯ ದಾರಿ ಸರಿಯಾಗಿ ಹೇಳಿದರು. ಗೇಟಿನವರೆಗೆ ಬಂದು ಕಳಿಸುವಾಗ ನಾನು ಕೇಳಿಯೇಬಿಟ್ಟೆ: “ಆ ಅಜ್ಜಿಗೆ ಠಾಣೆ ಎಲ್ಲಿ ಅಂತ ಗೊತ್ತಿಲ್ವಾ?”

“ಗೊತ್ತಿಲ್ಲದೆ ಎಂತ! ಠಾಣೆಗೆ ಹೊರಟವರನ್ನೆಲ್ಲ ಅವಳು ಇಲ್ಲಿಗೇ ಕಳಿಸುವುದು” ಎಂದರು ವಕೀಲರು. “ಚೌತಿಗೊಂದು ಸೀರೆ ಕೊಡ್ತೇನೆ.”

ಕೈ ಎರಡೇ

ಠಾಣೆಯಲ್ಲಿ ಟೆಲಿಫೋನಿಗೆ ಒಂದು ಪ್ರತ್ಯೇಕ ಮೇಜು. ಅದರ ಮೇಲೆ ಕಸೂತಿ ಹಾಕಿದ ಬಟ್ಟೆ. ಇನ್ಸ್‌ಪೆಕ್ಟರು ಮದ್ರಾಸು ಕಡೆಯವರು, ಕನ್ನಡ ಕಲಿಯುತ್ತಿದ್ದರು. ಅವರ ಬಲಗೈ ನಮ್ಮ ಕಡೆಯ ದಫೇದಾರರು.

“ಅಡಿಗೆಗೆ ಜನ ಬೇಡಮ್ಮ” ಎಂದರು ದಫೇದಾರರು, ನಾನು ಬಾಯಿ ತೆರೆಯುವ ಮೊದಲೇ.

“ಅಡಿಗೆಗಲ್ಲ. ಟೆಲಿಫೋನಿಗೆ.”

“ಹೆಂಗಸಾ?”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಾಗಿಲಲ್ಲಿದ್ದ ಕಾನ್ಸ್‌ಟೇಬಲ್ ಓಡಿ ಬಂದು, ಎಡಗೈಯಲ್ಲಿ ಅದನ್ನೆತ್ತಿ ಕಿವಿಗೆ ಹಿಡಿದು, ಬಲಗೈಯಲ್ಲಿ ಸೆಲ್ಯೂಟು ಹೊಡೆದು ನಿಂತುಬಿಟ್ಟ. ಆ ಕಡೆಯವರು ಮಾತು ಮುಗಿಸುವವರೆಗೂ ಕೈ ಹಣೆಯಿಂದ ಇಳಿಯಲಿಲ್ಲ. ಮುಗಿದ ಮೇಲೆ ಇನ್ಸ್‌ಪೆಕ್ಟರು ಕೇಳಿದರು: “ಯಾರು? ಯಾವ ಊರು?”

“ಬರ್ಕೊಳ್ಳಲಿಲ್ಲ ಸರ್.”

“ಯಾಕೆ?”

“ದೊಡ್ಡ ಸಾಹೇಬರೇ ಆಗಿದ್ರೆ ಅಂತ ಸೆಲ್ಯೂಟಿನಲ್ಲಿದ್ದೆ ಸರ್. ಕೈ ಎರಡೇ ಅಲ್ವಾ?”

ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು. ಅವರ ಮುಖ ಸ್ವಲ್ಪ ಮೆತ್ತಗಾಗಿತ್ತು. “ನೋಡಿ, ಇದರಲ್ಲಿ ಜನ ಸಿಟ್ಟಿನಲ್ಲಿ ಬೈತಾರೆ. ತುಳು, ಬ್ಯಾರಿ, ಕೊಂಕಣಿ, ಮಲೆಯಾಳ. ಹೆಂಗಸರು ಕೇಳೋ ಮಾತಲ್ಲ.”

“ಇವೆಲ್ಲ ಕೇಳಿ ಬೆಳೆದದ್ದೇ ಸರ್. ರಂಗೂನಿನ ಬೈಗುಳ ಕೂಡ ಬರ್ತದೆ.”

“ಎಲ್ಲಿ, ಒಂದು ಹೇಳಿ ನೋಡೋಣ.”

ದಫೇದಾರರ ಮುಖ ನೋಡಿಕೊಂಡು, ರಂಗೂನಿನ ಗಲ್ಲಿಯಲ್ಲಿ ಕಲಿತದ್ದರಲ್ಲಿ ಒಳ್ಳೆಯದನ್ನೇ ಆರಿಸಿ ಹೇಳಿದೆ. ಅವರು ಸಂತೋಷದಿಂದ ಕೈ ಮುಗಿದು, “ನಿಮಗೂ ಒಳ್ಳೆದಾಗ್ಲಿ ಅಮ್ಮ” ಎಂದರು.

ಬೆಂಕಿ ಬಿದ್ದದ್ದು ಎಲ್ಲಿ

ನನಗೊಬ್ಬ ಪ್ರತಿಸ್ಪರ್ಧಿ ಇದ್ದ. ದಫೇದಾರರ ಭಾವ, ಮೀನು ಹರಾಜಿನಲ್ಲಿ ಏಲಂ ಕೂಗುವವ. “ಅವನ ಸ್ವರ ಉಪ್ಪಳಕ್ಕೆ ಟೆಲಿಫೋನು ಇಲ್ಲದೆಯೂ ಮುಟ್ತದೆ ಸರ್” ಎಂಬುದು ದಫೇದಾರರ ಶಿಫಾರಸು.

ಇಬ್ಬರಿಗೂ ಪರೀಕ್ಷೆ ಮಾಡುವುದೆಂದು ಇನ್ಸ್‌ಪೆಕ್ಟರು ನಿಶ್ಚಯಿಸಿದರು. ಹೊಸಂಗಡಿ ಪೇಟೆಯಲ್ಲಿ ಒಬ್ಬ ಬ್ಯಾರಿ ಸಾಹುಕಾರರ ದಿನಸಿ ಅಂಗಡಿಯಲ್ಲಿ ಫೋನು ಇತ್ತು. ಅವರು ಫೋನು ಮಾಡಿ, ತಮ್ಮ ಅಂಗಡಿಗೆ ಬೆಂಕಿ ಬಿದ್ದಿದೆ ಎಂದು ಸುಮ್ಮನೆ ಹೇಳಬೇಕು. ಯಾರು ಹೇಗೆ ಕೇಳಿಕೊಳ್ಳುತ್ತಾರೆ ಎಂದು ನೋಡುವುದು. ಮೊದಲ ಸರದಿ ಏಲಂನವನದ್ದು.

ಸಾಹುಕಾರರು ಒಪ್ಪಿದ್ದೇನೋ ಹೌದು. ಫೋನು ಕೈಗೆ ಬಂದ ಮೇಲೆ ಅವರಿಗೆ ಬೆವರಿಳಿಯಿತಂತೆ. ವ್ಯಾಪಾರದವರು ಸ್ವಂತ ಅಂಗಡಿಗೆ ಬೆಂಕಿ ಎಂದು ಸ್ವಂತ ಬಾಯಲ್ಲಿ ಹೇಳುವುದುಂಟಾ? ಹೇಳಿದ ಗಳಿಗೆ ಕೆಟ್ಟದಿದ್ದು, ಹಾಗೆಯೇ ಆಗಿಹೋದರೆ? ಅವರು ಸ್ವಲ್ಪ ಯೋಚಿಸಿ, ಬೆಂಕಿಯನ್ನು ಎದುರಿನ ಜವಳಿ ಅಂಗಡಿಗೆ ವರ್ಗ ಮಾಡಿದರು.

ನಾಟಕ ನಡೆಯಬೇಕಾದದ್ದು ಸಾಹುಕಾರರ ಅಂಗಡಿಯಲ್ಲಿ ಎಂದು ಎಲ್ಲರಿಗೂ ಗೊತ್ತಿತ್ತು. ಜವಳಿ ಅಂಗಡಿಯ ಹೆಸರು ಕೇಳಿದ ಏಲಂನವ ಇದು ನಿಜವಾದ ಬೆಂಕಿಯೇ ಎಂದು ತಿಳಿದು, ತನ್ನ ಮೀನಿನ ಸ್ವರದಲ್ಲಿ ಕೂಗಿದ. ಠಾಣೆಯಲ್ಲಿದ್ದವರೆಲ್ಲ ಸಿಕ್ಕಿದ ಕೊಡಪಾನ ಹಿಡಿದು ಓಡಿದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ತೂಕಡಿಸುತ್ತಿದ್ದ ಜವಳಿಯವರು ಕಣ್ಣು ಬಿಡುವಷ್ಟರಲ್ಲಿ ಅವರೂ ಸೀರೆಗಳೂ ಒಟ್ಟಿಗೆ ಒದ್ದೆ.

ನಾನು ಹೋಗಿ ನೋಡಿದಾಗ ಇನ್ಸ್‌ಪೆಕ್ಟರು ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು. ಜವಳಿಯವರು ಮಾತ್ರ ಬೈರಾಸಿನಲ್ಲಿ ತಲೆ ಒರೆಸಿಕೊಂಡು, ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದರು: ‘ಬೆಂಕಿಯಿಂದ ಪಾರಾದ ಸೀರೆಗಳು. ಅಗ್ಗದ ದರ.’ ಸಂಜೆಯೊಳಗೆ ಎಲ್ಲವೂ ಖರ್ಚಾದವು. ಬಾಗಿಲು ಹಾಕುವಾಗ ಅವರು ದಫೇದಾರರನ್ನು ಬದಿಗೆ ಕರೆದು ಕೇಳಿದರಂತೆ: “ಇನ್ನೊಬ್ಬರ ಪರೀಕ್ಷೆ ಯಾವಾಗ?”

ಎಲ್ಲಿಗೆ ಎಂದು ಕೇಳಬಾರದು

ಇನ್ನು ನಾಟಕ ಬೇಡ ಎಂದರು ಇನ್ಸ್‌ಪೆಕ್ಟರು. ಏಲಂನವ ಮೀನಿಗೆ ಮರಳಿದ. ನನ್ನನ್ನು, “ದೊಡ್ಡ ಸಾಹೇಬರು ತಪಾಸಣೆಗೆ ಬರೋವರೆಗೆ ಕೂತಿರಿ. ಖಾಯಂ ಮಾಡೋದು ಬಿಡೋದು ಅವರ ಇಷ್ಟ” ಎಂದು ಮೇಜಿನ ಮುಂದೆ ಕೂರಿಸಿದರು.

ನನಗೆ ಬಂದ ಮೊದಲ ನಿಜವಾದ ಕರೆ ತಲಪಾಡಿ ಕಡೆಯಿಂದ. ಕೋಳಿ ಅಂಕದಲ್ಲಿ ಕೋಳಿಗಳ ಕಾಳಗ ಮುಗಿದು ಜನರದ್ದು ಶುರುವಾಗಿದೆ ಎಂದು. ನಾನು ಬರೆದುಕೊಂಡು ಹೊರಗೆ ಓಡಿದೆ. ಅಷ್ಟರಲ್ಲಿ ಜೀಪಿನ ಡ್ರೈವರು, ಫೋನಿನ ಗಂಟೆ ಕೇಳಿದ್ದೇ ತಡ, ಪೊಲೀಸರನ್ನು ಹತ್ತಿಸಿಕೊಂಡು ಹೋಗಿಯಾಗಿತ್ತು. ತೆಂಕು ದಿಕ್ಕಿಗೆ. ತಲಪಾಡಿ ಇರುವುದು ಬಡಗಿಗೆ.

ಜೀಪು ತಿರುಗಿ ಬಂದಾಗ ಕೇಳಿದೆ: “ಎಲ್ಲಿಗೆ ಅಂತ ಕೇಳದೆ ಹೋಗುವುದಾ ಮಾರಾಯ್ರೇ?”

“ಹೊರಡುವಾಗ ಎಲ್ಲಿಗೆ ಅಂತ ಕೇಳಬಾರದಲ್ಲ ಅಕ್ಕ! ಹೋದ ಕೆಲಸ ಆಗ್ಲಿಕ್ಕಿಲ್ಲ” ಎಂದ ಡ್ರೈವರು. ಇಷ್ಟು ತಿರುಗಿದವಳಿಗೆ ಇಷ್ಟೂ ಗೊತ್ತಿಲ್ಲವೇ ಎಂಬ ಹಾಗೆ ನೋಡಿದ. “ಯಾರಾದ್ರೂ ಕೇಳಿದ್ರೆ ಇಳಿದು, ಕೂತು, ನೀರು ಕುಡಿದು ಮತ್ತೆ ಹೊರಡ್ಬೇಕು.”

“ಮತ್ತೆ ನಿಮಗೆ ಜಾಗ ಗೊತ್ತಾಗುವುದು ಹೇಗೆ?”

“ಹೋಗ್ತಾ ಹೋಗ್ತಾ ಎಲ್ಲಿ ಜನ ಸೇರಿದ್ದಾರೋ ಅಲ್ಲಿ ನಿಲ್ಲಿಸುವುದು. ಇವತ್ತು ಒಂದು ಮದುವೆಯಲ್ಲಿ ನಿಲ್ಲಿಸಿದೆವು. ಊಟ ಭಾರೀ ಲಾಯ್ಕಿತ್ತು.”

ನನ್ನ ತಾಯಿಯೂ ಹೀಗೆಯೇ. ಹೊರಟವರನ್ನು “ದೂರವಾ?” ಎಂದು ಕೇಳುತ್ತಿದ್ದರೇ ಹೊರತು ಎಲ್ಲಿಗೆ ಎನ್ನುತ್ತಿರಲಿಲ್ಲ. ಡ್ರೈವರಿನ ಶಾಸ್ತ್ರ ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನದಿಂದ ಕರೆ ಬಂದ ಕೂಡಲೇ ಕಿಟಕಿಯ ಹತ್ತಿರ ಹೋಗಿ, ಯಾರಿಗೂ ಅಲ್ಲದ ಹಾಗೆ ಆಕಾಶ ನೋಡಿಕೊಂಡು ಗಟ್ಟಿಯಾಗಿ ಹೇಳತೊಡಗಿದೆ: “ತಲಪಾಡಿಯಲ್ಲಿ ಒಳ್ಳೇ ಬಂಗುಡೆ ಮೀನು ಬಂದಿದೆಯಂತಪ್ಪ!” ಕರೆ ಬಂದದ್ದು ಯಾವ ಊರಿನಿಂದಲೋ ಬಂಗುಡೆ ಆ ಊರಿನಲ್ಲಿ; ಜೀಪು ಸೀದಾ ಅಲ್ಲಿಗೇ ಹೋಗುತ್ತಿತ್ತು.

ಎಲ್ಲವೂ ಸರಿಹೋಯಿತು. ಇನ್ಸ್‌ಪೆಕ್ಟರ ಹೆಂಡತಿ ಮಾತ್ರ ನನ್ನ ಕೂಗು ನಂಬಿ ಮೂರು ಊರಿಗೆ ಆಳು ಕಳಿಸಿ, ಎಲ್ಲಿಯೂ ಬಂಗುಡೆ ಸಿಗದೆ ನನ್ನ ಮೇಲೆ ಸಿಟ್ಟಾದರು.

ದೊಡ್ಡ ಸಾಹೇಬರ ತಪಾಸಣೆ

ದೊಡ್ಡ ಸಾಹೇಬರು ಬಂದ ದಿನ ಇಡೀ ಸೀಮೆಗೆ ಒಳ್ಳೆಯ ಬುದ್ಧಿ ಬಂದುಬಿಟ್ಟಿತ್ತು. ಹೊಡೆದಾಟ ಇಲ್ಲ, ಕಳವು ಇಲ್ಲ, ಗಂಡ ಹೆಂಡಿರ ಜಗಳ ಕೂಡ ಇಲ್ಲ. ಸಾಹೇಬರು ಕುರ್ಚಿಯಲ್ಲಿ ಕೂತು ಫೋನನ್ನು ನೋಡಿದರು, ನನ್ನನ್ನು ನೋಡಿದರು.

“ಬೆಳಗಿನಿಂದ ಒಂದೂ ಕರೆ ಇಲ್ಲ. ಇದಕ್ಕೆ ಒಬ್ಬರು ಬೇಕಾ?”

“ಬರುತ್ತೆ ಸರ್” ಎಂದರು ಇನ್ಸ್‌ಪೆಕ್ಟರು, ಅವರ ದನಿಯಲ್ಲೇ ಭರವಸೆ ಇರಲಿಲ್ಲ.

ಸಾಹೇಬರು ಕೈಗಡಿಯಾರ ನೋಡಿಕೊಂಡರು. “ನಾನು ಏಳುವುದರೊಳಗೆ ಬರದಿದ್ದರೆ ಈ ಕೆಲಸ ರದ್ದು.”

ನನ್ನ ಕಣ್ಣ ಮುಂದೆ ಕಾರಡ್ಕದ ದೊಡ್ಡಮ್ಮ ನೀರಿನ ಚೊಂಬು ಹಿಡಿದು ನಿಂತರು. ಯಾರಿಗೂ ಕೆಟ್ಟದ್ದು ಬಯಸದ ನಾನು ಅವತ್ತು ಮನಸ್ಸಿನಲ್ಲೇ ಬೇಡಿಕೊಂಡೆ: ದೊಡ್ಡದೇನೂ ಬೇಡ ದೇವರೇ, ಎಲ್ಲಾದರೂ ಒಂದು ಎಮ್ಮೆಯಾದರೂ ಬಾವಿಗೆ ಬೀಳಲಿ, ಆಮೇಲೆ ಎತ್ತಿಸೋಣ.

ಸಾಹೇಬರು ಟೊಪ್ಪಿಗೆ ಕೈ ಹಾಕಿದರು. ಫೋನು ಬಡಿದುಕೊಂಡಿತು.

“ಅಕ್ಕ, ಸೌಖ್ಯವಾ?” ದಿನಸಿ ಅಂಗಡಿಯ ಸಾಹುಕಾರರು.

“ಸೌಖ್ಯ. ಎಂತ ಆಯ್ತು ಹೇಳಿ.”

“ಚಾ ಆಯ್ತಾ? ಅಲ್ಲಿ ಮಳೆ ಉಂಟಾ?”

“ಸಾಹುಕಾರ್ರೇ, ಸಂಕಟ ಎಂತ ಹೇಳಿ!”

“ಸಂಕಟ ಅಂದ್ರೆ ಭಾರೀ ಸಂಕಟ ಅಕ್ಕ. ಬೆಳಗಿನಿಂದ ಅಂಗಡಿಯ ಬಾಗಿಲಿಗೆ ಅಡ್ಡ ಒಂದು ಕಾರು. ಇಷ್ಟುದ್ದ. ಗಿರಾಕಿಗಳು ದೂರದಿಂದಲೇ ನೋಡಿ ಓಡ್ತಾರೆ. ಡ್ರೈವರು ಒಳಗೆ ಕೂತು ನನ್ನ ಬಾಳೆಹಣ್ಣು ಒಂದೊಂದೇ ಖಾಲಿ ಮಾಡ್ತಿದ್ದಾನೆ. ತೆಗೆ ಅಂದ್ರೆ, ನಾನು ಯಾರು ಗೊತ್ತುಂಟಾ ಅಂತಾನೆ. ಪೊಲೀಸರನ್ನು ಕಳಿಸಿ.”

ನಾನು ಒಂದೂ ಬಿಡದೆ ಸಾಹೇಬರಿಗೆ ವರದಿ ಒಪ್ಪಿಸಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು. “ಪೇಟೆಯ ನಡುವೆ ಇಷ್ಟು ಸೊಕ್ಕಾ? ಕಾರನ್ನೂ ತನ್ನಿ, ಅವನನ್ನೂ ಹಿಡಿದು ತನ್ನಿ!”

ನಾನು ಕಿಟಕಿಗೆ ಹೋಗಿ ಬಂಗುಡೆಯ ಸುದ್ದಿ ಹೇಳಿದೆ. ಸಾಹೇಬರು ಬೆರಗಾಗಿ ನನ್ನನ್ನು ನೋಡುತ್ತಿದ್ದಂತೆ ಜೀಪು ಹಾರಿತು. ಸ್ವಲ್ಪ ಹೊತ್ತಿಗೆ ಕಾರು ಬಂತು. ಅದರ ಹಿಂದೆ ಜೀಪು. ಜೀಪಿನೊಳಗೆ ಇಬ್ಬರು ಕಾನ್ಸ್‌ಟೇಬಲ್‌ಗಳ ನಡುವೆ, ಅರ್ಧ ಬಾಳೆಹಣ್ಣು ಹಿಡಿದುಕೊಂಡು, ದೊಡ್ಡ ಸಾಹೇಬರದ್ದೇ ಡ್ರೈವರು.

ಸಾಹೇಬರು ಕಾರನ್ನು ನೋಡಿದರು, ಬಾಳೆಹಣ್ಣನ್ನು ನೋಡಿದರು. ಮೀಸೆಯ ಅಡಿಯಲ್ಲಿ ಏನೋ ಅಲುಗಾಡಿತು. ನಗು ಎಂದು ತಿಳಿಯಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು.

“ಇವರು ಇಲ್ಲೇ ಇರಲಿ” ಎಂದು ನನ್ನ ಕಡೆ ಕೈ ತೋರಿಸಿದರು. “ಇವರನ್ನು ನನ್ನ ಆಫೀಸಿಗೆ ಮಾತ್ರ ಕಳಿಸಬೇಡಿ.”

ಮರುದಿನವೇ ಸಾಹುಕಾರರ ಫೋನು. ಸೌಖ್ಯ, ಚಾ, ಮಳೆ ಎಲ್ಲ ಮುಗಿದ ಮೇಲೆ ವಿಷಯಕ್ಕೆ ಬಂದರು. “ನಿಮ್ಮ ಕೆಲಸ ಗಟ್ಟಿಯಾಯ್ತಂತೆ. ನನ್ನ ಒಂದು ಕರೆಯಿಂದ. ಹೌದೋ ಅಲ್ವೋ?”

“ಹೌದು. ನಿಮ್ಮ ಋಣ ಉಂಟು ನನ್ನ ಮೇಲೆ. ಎಂತ ಮಾಡ್ಲಿ ಹೇಳಿ.”

“ದೊಡ್ಡದೇನಲ್ಲ ಅಕ್ಕ. ಯಾವಾಗ ನೋಡಿದ್ರೂ ನಾನೇ ಠಾಣೆಗೆ ಫೋನು ಮಾಡುವುದು. ಠಾಣೆಯಿಂದ ನನಗೆ ಒಂದು ಸಲವಾದ್ರೂ ಫೋನು ಬರ್ಬೇಕು. ಅಂಗಡಿಯಲ್ಲಿ ನಾಲ್ಕು ಜನ ಇರುವಾಗ.”

ಅವರು ಹೇಳಿದ ಹಾಗೆ, ಸಂತೆಯ ದಿನ ಜನ ತುಂಬಿರುವ ಹೊತ್ತು ನೋಡಿ ಫೋನು ಮಾಡಿದೆ. ಎತ್ತಿದವರೇ, “ಏ, ಸುಮ್ಮನಿರಿ ಎಲ್ಲ! ಠಾಣೆಯಿಂದ!” ಎಂದು ಗದರಿದ್ದು ನನಗೂ ಕೇಳಿಸಿತು. ಗದ್ದಲ ನಿಂತು, ಎಲ್ಲರ ಕಿವಿ ಸಾಹುಕಾರರ ಮಾತಿನ ಮೇಲೆ.

ಏನು ಮಾತಾಡುವುದೆಂದು ನಾನು ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದೆ: “ಸಾಹುಕಾರ್ರೇ, ಒಂದು ಸೇರು ಬೆಲ್ಲ ಉಂಟಾ?”

“ಉಂಟು” ಎಂದರು ಸಾಹುಕಾರರು, ಗಂಭೀರವಾಗಿ. “ಇಲ್ಲೇ ಉಂಟು.”

“ಕರಿಯದ್ದಾ?”

“ಕರಿ. ಸ್ವಲ್ಪ ದಪ್ಪ.”

ಆ ಕಡೆ ಒಂದು ಬೆಂಚು ಮಗುಚಿದ ಸದ್ದು. “ಅಯ್ಯೋ, ನಾನಲ್ಲ!” ಎನ್ನುತ್ತಾ ಯಾರೋ ಓಡಿದ ಸದ್ದು.

“ಹಾಗಾದ್ರೆ ನನಗೆ ಇಟ್ಟಿರಿ.”

“ಇಡ್ತೇನೆ ಅಕ್ಕ. ಒಳಗೆ ಹಾಕಿ, ಕಟ್ಟಿಯೇ ಇಡ್ತೇನೆ. ನೀವು ಜೀಪು ಕಳಿಸಿ.”

ಅಲ್ಲಿಗೆ ನನ್ನ ಋಣ ತೀರಿತು.