ನಾನು ಹಾಕಿದ ಬೀಗ

ಆ ಆಯುಧಪೂಜೆಯ ಸಂಜೆ ಮನೆಗೆ ಬೀಗ ಹಾಕಿದೆಯಾ ಎಂದು ಕೇಳಿದರೆ, ಹಾಕಿದ ನೆನಪಿದೆ ಎನ್ನಬಲ್ಲೆ, ಅಷ್ಟೆ. ನೆನಪಿಗೂ ನಡೆದದ್ದಕ್ಕೂ ಅಂತರವಿದೆ ಎಂಬುದನ್ನು ಕಲಿಯಲೆಂದೇ ನಾನು ವಿಶ್ವವಿದ್ಯಾನಿಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿದ್ದು. ದೇವರು, ಜಾತಕ, ಹಾಲಿನವನ ಅಳತೆ ಎಲ್ಲವನ್ನೂ ಅನುಮಾನಿಸುತ್ತ ಬಂದವನು ನನ್ನ ಕೈಯೊಂದನ್ನು ಮಾತ್ರ ನಂಬಿಬಿಟ್ಟೆ.

ನನಗೆ ಹಳೆಯ ಹಿತ್ತಾಳೆ ಬೀಗಗಳ ಹುಚ್ಚು. ನಾಯಂಡಹಳ್ಳಿಯ ಗುಜರಿ ಅಂಗಡಿಗಳಲ್ಲಿ ಕೆದಕಿ ತಂದವನ್ನು ಒಂದು ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಆನೆಯಾಕಾರದ್ದೊಂದು, ಕೀಲಿಯನ್ನು ಮೂರು ಸುತ್ತು ತಿರುಗಿಸಿದರಷ್ಟೇ ಬಾಯಿ ಬಿಡುವುದೊಂದು. "ಮುಚ್ಚಿಡೋಕೆ ಏನೂ ಇಲ್ಲದ ಮನೇಲಿ ಬೀಗಕ್ಕೇನೂ ಬರ ಇಲ್ಲ" ಎನ್ನುವಳು ಹೆಂಡತಿ ಸರೋಜ. ಆದರೂ ಪಟ್ಟಿ ಮಾಡಿ ಅವಕ್ಕೆ ಇನ್ಶೂರೆನ್ಸ್ ಮಾಡಿಸಿದ್ದೆ. ಆ ದಿನ ಹೊಸಹಳ್ಳಿಯ ನಮ್ಮ ಮನೆ ಮುಂದೆ ಸ್ಕೂಟರ್ ತೊಳೆದು ನಿಲ್ಲಿಸಿದ್ದೆವು. ಪಕ್ಕದಲ್ಲೊಂದು ಮಣೆ ಹಾಕಿ, ಸರೋಜ ಕಣ್ಣಿಗೆ ಬಿದ್ದ ಲೋಹದ ಸಾಮಾನಿಗೆಲ್ಲ ಕುಂಕುಮ ಹಚ್ಚಿದಳು. ಪೂಜೆ ಮುಗಿಸಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಶ್ರೀಗಂಧದ ಕಾವಲು ಬಡಾವಣೆಯಲ್ಲಿರುವ ನಾದಿನಿ ಮನೆಗೆ ಹೋಗಿ ಬರುವಷ್ಟರಲ್ಲಿ ನಮ್ಮ ಬಾಗಿಲು ತೆರೆದಿತ್ತು. ಪೆಟ್ಟಿಗೆ ಇಲ್ಲ. ಬಾಗಿಲಿನ ಬೀಗವೂ ಇಲ್ಲ. ಟಿವಿ ಇದ್ದಲ್ಲೇ ಇತ್ತು.

ಇನ್ಶೂರೆನ್ಸ್ ಕಂಪನಿಯಿಂದ ಹುಬ್ಬಳ್ಳಿ ಕಡೆಯ ಸರ್ವೇಯರ್ ಬಂದರು. ಚಿಲಕವನ್ನು ಬಗ್ಗಿ ನೋಡಿ, "ಸರ, ಒಂದ್ ಗೀರೂ ಇಲ್ಲಲ್ರೀ. ಬೀಗ ಮುರದ ಗುರ್ತು ಇಲ್ಲಂದ್ರ ಕ್ಲೇಮ್ ಆಗಂಗಿಲ್ರಿ" ಎಂದರು.

"ಮುರಿದಿಲ್ಲ, ತೆಗೆದಿದಾನೆ. ಬೀಗದ ಮರ್ಮ ಬಲ್ಲ ಕಳ್ಳ. ಅದಕ್ಕೇ ಟಿವಿ ಬಿಟ್ಟು ಬೀಗಗಳನ್ನೇ ಒಯ್ದಿದಾನೆ, ಬಾಗಿಲಿಂದೂ ಸೇರಿಸಿ" ಎಂದೆ.

ಅವರ ಪೆನ್ನು ನಿಂತಿತು. "ಅಂದ್ರ ಕಳ್ಳನೂ ನಿಮ್ಮಂಗ ಬೀಗ ಕೂಡಿಡ್ತಾನೇನ್ರಿ?"

"ತಮ್ಮಂಥೋರು ಇನ್ನೊಬ್ಬರಿದಾರೆ ಅಂತ ಇವರಿಗೆ ಸಮಾಧಾನ" ಎಂದಳು ಸರೋಜ, ಕಾಫಿ ಕೊಡುತ್ತ.

"ನೀವು ಬೀಗ ಹಾಕಿದ್ದು ಖರೇನ್ರಿ?"

"ಖಂಡಿತ" ಎಂದೆ. ಎಂ.ಎ. ಮುಗಿಸಿದ ಮೇಲೆ ನಾನು ಆ ಪದ ಬಳಸಿದ್ದು ಅದೇ ಮೊದಲು.

ಕ್ಲೇಮ್ ತಿರಸ್ಕೃತವಾಯಿತು. ದುಡ್ಡು ಹೋಗಲಿ, ಬಾಗಿಲು ತೆರೆದಿಟ್ಟು ಸುಳ್ಳು ಹೇಳಿದವನು ಎನ್ನಿಸಿಕೊಂಡದ್ದು ತಡೆಯಲಾಗಲಿಲ್ಲ. ಪತ್ರ ಬರೆಯತೊಡಗಿದೆ. ಬರೆದಂತೆಲ್ಲ ನೆನಪು ಮೈತುಂಬಿಕೊಂಡಿತು. ಮೊದಲ ಪತ್ರದಲ್ಲಿ ಬೀಗ ಕಟಕ್ ಎಂದಿತು. ಎರಡನೆಯದರಲ್ಲಿ ಅದನ್ನು ಎರಡು ಸಲ ಜಗ್ಗಿ ನೋಡಿದೆ. ಮೂರನೆಯದರಲ್ಲಿ ಎದುರುಮನೆ ಆಂಟಿಯ ನಾಯಿ ನನ್ನತ್ತ ಬೊಗಳಿತು. ಓದಿ ನೋಡಿದ ಸರೋಜ, "ಆ ನಾಯಿ ಸತ್ತು ಎರಡು ವರ್ಷ ಆಯ್ತಲ್ರೀ" ಎಂದಳು. ನಾಯಿಯನ್ನು ಹೊಡೆದುಹಾಕಿ, ಉಳಿದದ್ದನ್ನು ಹಾಗೇ ಕೊರಿಯರ್ ಮಾಡಿದೆ. ಒಂದು ಸುಳ್ಳಾದರೆ ಮಿಕ್ಕವೂ ಸುಳ್ಳಾಗಿರಬಹುದು ಎಂಬ ತರ್ಕ ಅಂದೇಕೋ ಹೊಳೆಯಲಿಲ್ಲ.

ಕೆಲವು ತಿಂಗಳ ಮೇಲೆ ನಾಯಂಡಹಳ್ಳಿಯಲ್ಲಿ ಸ್ಕೂಟರ್ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಲು ಪಂಕ್ಚರ್ ಅಂಗಡಿಯವನು ಡಿಕ್ಕಿಯಲ್ಲಿದ್ದ ಟೂಲ್ಸ್ ಚೀಲವನ್ನು ನೆಲಕ್ಕೆ ಸುರಿದ. ಕುಂಕುಮ ಮೆತ್ತಿದ ಸ್ಪ್ಯಾನರು, ಸ್ಕ್ರೂಡ್ರೈವರು, ಒಣಗಿದ ಸೇವಂತಿಗೆ, ಒಂದು ಬೀಗ.

"ಏನ್ ಸಾರ್, ಸ್ಟೆಪ್ನಿಗೂ ಬೀಗ ಹಾಕ್ತೀರಾ?"

ಹೊರಡುವ ಅವಸರದಲ್ಲಿ, ಬಾಗಿಲಿನ ಬೀಗವನ್ನೂ ಸೇರಿಸಿ, ಮಣೆಯ ಮೇಲಿದ್ದದ್ದನ್ನೆಲ್ಲ ಬಾಚಿ ಚೀಲಕ್ಕೆ ತುಂಬಿದವನು ನಾನೇ ಇರಬೇಕು. ಇರಬೇಕು ಎನ್ನುತ್ತಿದ್ದೇನೆ, ನೆನಪಿಲ್ಲ. ಅಂದೇ ಕಂಪನಿಗೆ ಕ್ಲೇಮ್ ಬೇಡವೆಂದು ಬರೆದೆ. ನನ್ನ ನಾಲ್ಕು ಪತ್ರಗಳಲ್ಲಿ ಅವರು ಬೇಗ ಉತ್ತರ ಕೊಟ್ಟದ್ದು ಅದೊಂದಕ್ಕೇ.

ಆದರೂ ಅನುಮಾನ ನನ್ನ ಕಸುಬಲ್ಲವೇ? ಅದು ಬೇರೆ ಯಾವುದೋ ಬೀಗವೂ ಆಗಿರಬಹುದಿತ್ತು. ತೂತಿನಲ್ಲಿ ಕುಂಕುಮ ಗಟ್ಟಿಯಾಗಿ ಕೀಲಿ ಒಳಗೆ ಹೋಗುತ್ತಿರಲಿಲ್ಲ. ಸೀಮೆಎಣ್ಣೆ ಬಿಟ್ಟು, ಸೂಜಿಯಿಂದ ಕೆರೆದು, ನನ್ನ ಗೊಂಚಲಿನಲ್ಲೇ ಉಳಿದಿದ್ದ ಬಾಗಿಲಿನ ಕೀಲಿಯನ್ನು ತಿರುಗಿಸಿ ನೋಡಿದೆ. ಬೀಗ ತೆರೆಯಿತು. ಮತ್ತೆ ಒತ್ತಿದೆ. ಮೊದಲ ಪತ್ರದಲ್ಲಿ ಬರೆದಂತೆಯೇ, ಕಟಕ್ ಎಂದಿತು.