ವಂದನಾರ್ಪಣೆ ದೇವಯ್ಯನದು

ಮಳೆ ಬಂದರೆ? ಸರಿ, ಗೋದಾಮಿನೊಳಗೆ ಬೆಂಚು ಹಾಕಿಸಿದ್ದಾಯಿತು. ಬರದಿದ್ದರೆ? ಅಂಗಳದಲ್ಲಿ ಚಪ್ಪರ ಕಟ್ಟಿಸಿದ್ದೂ ಆಯಿತು. ಆದರೆ ಅರ್ಧ ಭಾಷಣ ಮುಗಿದ ಮೇಲೆ ಮಳೆ ಬಂದರೆ?

ಕೊಣನೂರಿನ ಬಿತ್ತನೆ ಬೀಜದ ಡಿಪೋ ಗುಮಾಸ್ತ ದೇವಯ್ಯ ಈ ಮೂರನೆಯ ಪ್ರಶ್ನೆಯಲ್ಲಿ ಸಿಕ್ಕಿಕೊಂಡು, ಇದ್ದಿಲು ಪುಡಿಯ ಬಾಯಲ್ಲೇ ಆಕಾಶ ನೋಡುತ್ತ ಹಿತ್ತಿಲಲ್ಲಿ ನಿಂತಿದ್ದ. ೧೯೫೯ರ ಜೂನ್ ತಿಂಗಳ ಕೊನೆಯ ದಿನ ಅದು. ಮಧ್ಯಾಹ್ನ ಮೂರಕ್ಕೆ ಡಿಪೋ ಮ್ಯಾನೇಜರ್ ಶಿವಯ್ಯನವರಿಗೆ ನಿವೃತ್ತಿಯ ಬೀಳ್ಕೊಡುಗೆ. ಏರ್ಪಾಡೆಲ್ಲ ದೇವಯ್ಯನದು.

"ಮೋಡ ನಿಮ್ಮನ್ನ ಕೇಳಿ ಸುರಿಯಾಕಿಲ್ಲ, ಬಾಯಿ ಮುಕ್ಕಳಿಸ್ಕಳಿ" ಎಂದಳು ಹೆಂಡತಿ ನೀಲಾಂಬಿಕೆ.

"ಛತ್ರಿ ಎಲ್ಲೈತೆ?"

"ಎರಡೂ ಬಾಗಿಲ ಹಿಂದೆ ಅವೆ. ಒಂದು ಕೈ ಕೊಟ್ರೆ ಇನ್ನೊಂದು ಇರ್ಲಿ ಅಂತ ಪಕ್ಕದ ಮನೇದೂ ಈಸ್ಕಂಡು ಬಂದಿದ್ರಲ್ಲ! ಪಾಪ, ಅವ್ರು ನೆನ್ಕಂಡು ಓಡಾಡ್ಲಿ."

ದೇವಯ್ಯ ಬಾವಿಗೆ ಒಂದು ಹಗ್ಗ ಬಿಡುವಾಗ ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಳ್ಳುವ ಪೈಕಿ. ಡಿಪೋ ಜವಾನ ತಿಮ್ಮಪ್ಪ ಇದಕ್ಕೆ ತದ್ವಿರುದ್ಧ. ಹಗ್ಗವೇ ಇಲ್ಲದೆ ಕೊಡ ಹಾಕಿ, ಯಾರಾದರೂ ಎತ್ತಿಕೊಟ್ಟಾರು ಎಂದು ಬಾವಿಕಟ್ಟೆಯ ಮೇಲೆ ಬೀಡಿ ಹಚ್ಚಿ ಕೂರುವವನು.

ಇಂಥ ದೇವಯ್ಯ ಜೀವನದಲ್ಲಿ ಒಂದೇ ಒಂದು ಸಾರಿ ಧೈರ್ಯ ಮಾಡಬೇಕೆಂದು ನಿರ್ಧರಿಸಿದ್ದ. ಅದು ಇವತ್ತು.

ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಅವನು ಬಿತ್ತನೆ ರಾಗಿಯ ಮೂಟೆಗಳಿಗೂ ಊಟದ ರಾಗಿಯ ಮೂಟೆಗಳಿಗೂ ಚೀಟಿ ಅದಲುಬದಲಾಗಿ ಅಂಟಿಸಿಬಿಟ್ಟಿದ್ದ. ಒಂದೂರಿಗೆ ಊರೇ ಬಿತ್ತನೆ ರಾಗಿಯಲ್ಲಿ ಮುದ್ದೆ ತಿರುವಿ ಉಂಡು, ಊಟದ ರಾಗಿಯನ್ನು ಬಿತ್ತಿ ಕೂತಿತು. ಹಾಸನದಿಂದ ಬಂದ ಅಧಿಕಾರಿ ಕೆಂಡವಾಗಿ, "ಯಾರು ಅಂಟಿಸಿದ್ದು?" ಎಂದು ಗುಡುಗಿದಾಗ ದೇವಯ್ಯನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಶಿವಯ್ಯನವರು ಮುಂದೆ ಬಂದು, "ನಾನೇ ಸ್ವಾಮಿ" ಅಂದರು. ಅವರಿಗೆ ಬರಬೇಕಾಗಿದ್ದ ಬಡ್ತಿ ತಪ್ಪಿತು. ದೇವಯ್ಯನ ಕೆಲಸ ಉಳಿಯಿತು. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಅವರು ನೌಕರಿಯಲ್ಲಿರುವಾಗ ನಿಜ ಹೇಳಿದರೆ, ಮೇಲಧಿಕಾರಿಗೆ ಸುಳ್ಳು ಹೇಳಿದರೆಂದು ಅವರಿಗೇ ಕುತ್ತು. ನಿವೃತ್ತಿಯಾದ ಮೇಲೆ ಅವರನ್ನು ಯಾರು ಏನು ಮಾಡಿಯಾರು? ಆಗುವುದೆಲ್ಲ ತನಗೇ ಆಗಲಿ. ಅದಕ್ಕೇ ಅವನು ಕಾರ್ಯಕ್ರಮದ ಪಟ್ಟಿಯಲ್ಲಿ ಕೊನೆಗೆ 'ವಂದನಾರ್ಪಣೆ: ದೇವಯ್ಯ' ಎಂದು ಬರೆದುಕೊಂಡಿದ್ದ. ಹನ್ನೊಂದು ವರ್ಷದ ಕೃತಜ್ಞತೆ ಎದೆಯಲ್ಲಿ ಹುದುಗಿದ ಹಿಟ್ಟಿನಂತೆ ಉಬ್ಬಿ ನಿಂತಿತ್ತು.

ಡಿಪೋಗೆ ಬಂದಾಗ ತಿಮ್ಮಪ್ಪ ಚಪ್ಪರದ ಗಳಕ್ಕೆ ಒರಗಿಕೊಂಡಿದ್ದ.

"ಏನ್ಸಾ ಇದು, ಒಳಗೂ ಬೆಂಚು ಈಚೆಗೂ ಬೆಂಚು? ಮಳೆ ಬಂದ್ರೆ ನೆಂದ್ರಾಯ್ತು, ನಾವೇನ್ ಬೆಲ್ಲದಚ್ಚಾ?"

"ನೀನು ನೆನಿ. ಹಾಸನದಿಂದ ಬರೋ ಸಾಹೇಬ್ರು ನೆನೆದ್ರೆ?"

"ಒರೆಸ್ಕತಾರೆ."

"ಗಾಡಿ ಕಳಿಸಿದೆಯಾ ರುದ್ರಪಟ್ಟಣಕ್ಕೆ?"

"ಕಳಿಸ್ದೆ ಸಾ. ಪ್ರಾರ್ಥನೆಗೆ ಇಬ್ರು ಇದ್ವಾಂಸರು ಯಾಕ್ ಸಾ? ಒಬ್ರು ಸಾಲ್ದಾ?"

"ಒಬ್ಬರಿಗೆ ಗಂಟಲು ಕಟ್ಟಿದ್ರೆ?"

"ಕಟ್ಟಿದ್ರೆ ನಾನೇ ಒಂದು ಬಜನೆ ಏಳ್ತಿದ್ದೆ."

"ಅದಕ್ಕೇ ಇಬ್ಬರನ್ನ ಕರೆದಿರೋದು."

ವಿದ್ವಾಂಸರಿಬ್ಬರೂ ಬಂದರು. ಒಂದೇ ಗಾಡಿಯಲ್ಲಿ, ಬೆನ್ನಿಗೆ ಬೆನ್ನು ಹಾಕಿಕೊಂಡು. ಅವರು ಭಾವ ಭಾವಮೈದುನರೆಂದೂ, ಮಾತು ಬಿಟ್ಟು ನಾಲ್ಕು ವರ್ಷವಾಯಿತೆಂದೂ ಗಾಡಿಯವನು ಹೇಳಿದ ಮೇಲೆ ತಿಳಿಯಿತು.

ಹಾಸನದ ಸಾಹೇಬರು ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. ಭಾವನವರು ಪ್ರಾರ್ಥನೆ ಹಾಡಿದರು. ಜನ ಚಪ್ಪಾಳೆ ತಟ್ಟುವಷ್ಟರಲ್ಲಿ ಭಾವಮೈದುನರು ಗಂಟಲು ಸರಿಮಾಡಿಕೊಂಡು, ಅದೇ ರಾಗವನ್ನು ಸರಿಯಾಗಿ ಹಾಡಿದರೆ ಹೇಗಿರುತ್ತದೆಂದು ತೋರಿಸತೊಡಗಿದರು. ಭಾವನವರು ಸುಮ್ಮನಿರುತ್ತಾರೆಯೆ? ಇನ್ನೊಂದು ರಾಗಕ್ಕೆ ಕೈ ಹಾಕಿದರು. ಪ್ರಾರ್ಥನೆ ಒಂದು ಗಂಟೆ ಐದು ನಿಮಿಷ ನಡೆಯಿತು.

ಆಮೇಲೆ ನಾಲ್ಕು ಹನಿ ಬಿತ್ತು. "ಒಳಗೆ! ಎಲ್ಲಾರೂ ಒಳಗೆ!" ಎಂದು ದೇವಯ್ಯ ಕೂಗಿದ. ಸಭೆ ಎದ್ದು ಗೋದಾಮಿಗೆ ನುಗ್ಗಿತು. ಕೂತು ಉಸಿರು ಬಿಡುವಷ್ಟರಲ್ಲಿ ಬಿಸಿಲು ಬಂತು. ಗೋದಾಮಿನಲ್ಲಿ ಹುಳು ಬೀಳದಂತೆ ಚೆಲ್ಲಿದ್ದ ಔಷಧಿಯ ಘಾಟಿಗೆ ಸಾಹೇಬರು ಹದಿನಾಲ್ಕು ಸಲ ಸೀನಿದರು. ಸಭೆ ಮತ್ತೆ ಹೊರಗೆ ಬಂತು. ಇನ್ನೆರಡು ಹನಿ ಬಿದ್ದಾಗ ಅರ್ಧ ಜನ ಒಳಗೆ ಹೋದರು, ಅರ್ಧ ಜನ ಹೊರಗೇ ಉಳಿದರು. ಶಿವಯ್ಯನವರು ಹಾರದ ಸಮೇತ ಹೊಸ್ತಿಲ ಮೇಲೆ ನಿಂತು, ಎಡಕ್ಕೊಂದು ವಾಕ್ಯ ಬಲಕ್ಕೊಂದು ವಾಕ್ಯದಂತೆ ಭಾಷಣ ಮುಗಿಸಿದರು.

"ಮದ್ವೆ ಮನೇಲಿ ಗಂಡು ಎಣ್ಣಿನ ಕಡೆಯೋರು ಬ್ಯಾರೆ ಬ್ಯಾರೆ ಕುಂತಂಗೈತೆ ಕಣ್ಸಾ" ಎಂದು ತಿಮ್ಮಪ್ಪ ಕಿವಿಯಲ್ಲಿ ಹೇಳಿದ.

ದೇವಯ್ಯ ಕೇಳಿಸಿಕೊಳ್ಳಲಿಲ್ಲ. ಇನ್ನು ಅಧ್ಯಕ್ಷರ ನುಡಿ. ಆಮೇಲೆ ತಾನು. ವಂದಿಸಬೇಕಾದವರ ಹೆಸರು ಬರೆದಿದ್ದ ಕಾಗದವನ್ನು ಕೈಗೆ ತೆಗೆದುಕೊಂಡ. ಒಳಗೊಳಗೇ ಒಂದು ಬಗೆಯ ಸುಖವಿತ್ತು. ಇನ್ನು ಐದು ನಿಮಿಷಕ್ಕೆ ತಾನು ಸಾಲ ತೀರಿದ ಮನುಷ್ಯ.

ಸಾಹೇಬರು ಮೂಗೊರೆಸಿಕೊಂಡು ಎದ್ದರು. "ಇಷ್ಟು ಮುಂಜಾಗ್ರತೆಯಿಂದ ನಡೆಸಿದ ಸಮಾರಂಭವನ್ನು ನಾನು ಕಂಡಿಲ್ಲ. ಅದು ಕೆಡಬಾರದು ಅಂತಲೇ ಒಂದು ವಿಷಯವನ್ನು ಇಷ್ಟು ಹೊತ್ತು ಜೇಬಿನಲ್ಲಿಟ್ಟುಕೊಂಡಿದ್ದೆ." ಒಂದು ಕಾಗದ ತೆಗೆದರು. "ಶಿವಯ್ಯನವರ ಸೇವೆಯನ್ನು ಇನ್ನೊಂದು ವರ್ಷ ಮುಂದುವರಿಸಿ ಹುಕುಂ ಆಗಿದೆ. ನಾಳೆ ಎಂದಿನಂತೆ ಅವರೇ ಮ್ಯಾನೇಜರು. ಮುಂದಿನ ವರ್ಷದ ಬೀಳ್ಕೊಡುಗೆಯನ್ನೂ ಇದೇ ದೇವಯ್ಯನವರು ನಡೆಸಿಕೊಡಲಿ!"

ಒಳಗಿನವರೂ ಹೊರಗಿನವರೂ ಮೊದಲ ಸಾರಿ ಒಟ್ಟಿಗೆ ಚಪ್ಪಾಳೆ ತಟ್ಟಿದರು. ಶಿವಯ್ಯನವರು ಹಾರದೊಳಗಿಂದ ಕಣ್ಣೊರೆಸಿಕೊಂಡರು.

ಯಾರೋ ದೇವಯ್ಯನನ್ನು ಮುಂದಕ್ಕೆ ತಳ್ಳಿದರು.

ಅವನು ಸಾಹೇಬರಿಗೆ ವಂದಿಸಿದ. ಮೊದಲು ಭಾವನಿಗೆ, ಆಮೇಲೆ ಭಾವಮೈದುನನಿಗೆ, ಕೂಡಲೇ ಮತ್ತೆ ಭಾವನಿಗೆ ವಂದಿಸಿದ. ಬೆಂಚು ಕೊಟ್ಟ ಶಾಲೆಗೆ, ಸುಣ್ಣ ಬಳಿದವನಿಗೆ, ಗಾಡಿಯ ಎತ್ತುಗಳಿಗೆ ವಂದಿಸಿದ. ಕಾಗದದಲ್ಲಿ ಇನ್ನೊಂದೇ ಹೆಸರು ಉಳಿದಿತ್ತು. ಅವನು ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಜನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

"ಇಲ್ಲಿಗೆ ಸಭೆ ಮುಗಿಯಿತು" ಎಂದ.

ಸಾಹೇಬರ ಬಸ್ಸು ಹೊರಟ ಮೇಲೆ ಶಿವಯ್ಯನವರೂ ದೇವಯ್ಯನೂ ಮನೆಯ ಕಡೆ ನಡೆದರು.

"ಎಲ್ಲಾರ್ಗೂ ವಂದಿಸ್ದೆ, ಎತ್ತಿಗೂ ವಂದಿಸ್ದೆ. ನನ್ನೊಬ್ಬನ್ನೇ ಬಿಟ್ಟೆಯಲ್ಲಯ್ಯಾ" ಎಂದರು ಶಿವಯ್ಯನವರು, ನಗುತ್ತ.

"ಮರೆತೆ ಸಾರ್."

"ನೀನು ಮರೆಯೋನಾ?" ಅವರು ಅವನ ಭುಜದ ಮೇಲೆ ಕೈಯಿಟ್ಟರು. ಆ ಕೈ ತಮ್ಮ ಮನೆಯ ತಿರುವು ಬರುವವರೆಗೂ ಅಲ್ಲೇ ಇತ್ತು. "ಹೋಗ್ಲಿ ಬಿಡು. ಇನ್ನೊಂದು ವರ್ಷ ಐತಲ್ಲ."

ಇನ್ನೊಂದು ವರ್ಷವೂ ಕಳೆಯಿತು, ಇನ್ನೊಂದು ಬೀಳ್ಕೊಡುಗೆಯೂ ಆಯಿತು. ಆದರೆ 'ತಪ್ಪು ನನ್ನದಾಗಿತ್ತು, ನಿಮ್ಮಿಂದ ನನ್ನ ಮನೆಯ ಒಲೆ ಉರಿಯಿತು' ಎಂದು ದೇವಯ್ಯ ಅವರಿಗೆ ಎಂದೂ ಹೇಳಲಿಲ್ಲ.