ಗೋಲ್‌ಕೀಪರ್ ಹಿಡಿದ ಸೀಟು

ಯೋಚನೆ ಮಾಡದೆ ಏನನ್ನೋ ಮಾಡಿ ಆಮೇಲೆ ಪರಿತಪಿಸುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಅವರಿಗೆ ‘ಆಗ ತಲೆ ಓಡಲಿಲ್ಲ’ ಎನ್ನುವ ಸಬೂಬಾದರೂ ಇರುತ್ತದೆ. ನನಗೆ ಅದೂ ಇಲ್ಲ. ನಾನು ಪಟ್ಟ ಪಶ್ಚಾತ್ತಾಪಗಳೆಲ್ಲ ಚೆನ್ನಾಗಿ ಯೋಚಿಸಿ, ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಬರೆದು, ಕೂಡಿಸಿ, ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿಸಿ ನೋಡಿ ಮಾಡಿದ ಕೆಲಸಗಳಿಂದಲೇ ಬಂದಿವೆ.

ಲೆಕ್ಕ ಇಡುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಾಳಿ. ಗ್ಯಾಸ್ ಸಿಲಿಂಡರ್ ಬದಲಿಸಿದ ದಿನ, ಹಲ್ಲುಜ್ಜುವ ಬ್ರಷ್ ಕೊಂಡ ದಿನ, ಯಾವ ಮದುವೆಯಲ್ಲಿ ಎಷ್ಟು ಹೋಳಿಗೆ ತಿಂದೆ, ಅದರಲ್ಲಿ ಬಲವಂತಕ್ಕೆ ತಿಂದದ್ದೆಷ್ಟು, ಎಲ್ಲವೂ ಡೈರಿಯಲ್ಲಿದೆ. “ಎಲ್ಲಾ ಮಕ್ಕಳೂ ಹುಟ್ಟಿದ ಕೂಡ್ಲೆ ಅತ್ರೆ, ನೀನು ಗಡಿಯಾರ ಹುಡುಕಿದ್ಯಪ್ಪ” ಎನ್ನುತ್ತಾಳೆ ಅಮ್ಮ. ಅಪ್ಪ ಸಂಸ್ಕೃತದ ಮೇಷ್ಟ್ರು, ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವವರಲ್ಲ. ಈ ವಿಷಯದಲ್ಲಿ ಅಪ್ಪ-ಮಗ ಒಂದೇ ಎಂದು ನಾನೊಮ್ಮೆ ಹೇಳಿದ್ದಕ್ಕೆ ಅವರು ಕನ್ನಡಕ ತೆಗೆದು, “ನನ್ನ ಪುಸ್ತಕದಲ್ಲಿ ನಾಳೆ ಇರತ್ತೆ ಕಣೋ. ನಿನ್ನದ್ರಲ್ಲಿ ಬರೀ ನಿನ್ನೆ” ಎಂದಿದ್ದರು. ಆ ಮಾತನ್ನೂ ನಾನು ತಾರೀಖು ಹಾಕಿ ಬರೆದುಕೊಂಡೆ.

ನಮ್ಮ ಮನೆ ಭದ್ರಾವತಿಯ ಜನ್ನಾಪುರದಲ್ಲಿ. ಕೆಲಸ ಶಿವಮೊಗ್ಗದ ಒಬ್ಬ ಲೆಕ್ಕಪರಿಶೋಧಕರ ಕಚೇರಿಯಲ್ಲಿ. ಬೆಳಗಿನ ಬಸ್ಸಿನ ವಿಷಯ ಬಿಡಿ, ಅದರಲ್ಲಿ ಹೇಗೋ ಸೀಟು ಸಿಗುತ್ತದೆ. ಸಂಜೆ ಶಿವಮೊಗ್ಗ ಬಸ್‌ಸ್ಟ್ಯಾಂಡಿನಲ್ಲಿ ಮಾತ್ರ ಬಾಗಿಲಿನಿಂದ ಹತ್ತಿದವನಿಗೆ ಸೀಟಿಲ್ಲ. ಬಸ್ಸು ಹಿಂದೆ ಹಿಂದೆ ಬರುತ್ತಿರುವಾಗಲೇ ಅದರ ಜೊತೆ ಓಡಿ, ಕಿಟಕಿಯ ಮೂಲಕ ಕರ್ಚೀಫನ್ನು ಸೀಟಿನ ಮೇಲೆ ಎಸೆಯಬೇಕು. ಒಮ್ಮೆ ಕರ್ಚೀಫು ಬಿತ್ತೆಂದರೆ ಆ ಸೀಟು ನೋಂದಣಿಯಾದ ಹಾಗೆ. ಎಂಥ ಒರಟನೂ ಅದನ್ನು ಸರಿಸಿ ಕೂರುವುದಿಲ್ಲ. ನನಗೋ ಕಚೇರಿಯಲ್ಲಿ ಕೊನೆಯ ಸಾಲು ತಾಳೆಯಾಗುವವರೆಗೆ ಕುರ್ಚಿ ಬಿಡಲಾಗುವುದಿಲ್ಲ, ಓಡಲಂತೂ ಬರುವುದಿಲ್ಲ. ಆದರೂ ಮೂರು ವರ್ಷ ನಾನು ದಿನವೂ ಕೂತೇ ಬಂದೆ. ಅದಕ್ಕೆ ಕಾರಣ ಅನ್ಬು.

ಅನ್ಬು ಕಾಗದನಗರದವರು, ನಲವತ್ತರ ಹತ್ತಿರದವರು. ಬಸ್‌ಸ್ಟ್ಯಾಂಡಿನ ಹಿಂದಿನ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ. ಮನೆಯಲ್ಲಿ ತಮಿಳು, ವರ್ಕ್‌ಶಾಪಿನಲ್ಲಿ ಉರ್ದು, ನನ್ನ ಹತ್ತಿರ ಕನ್ನಡ. ಭಾನುವಾರ ಕಾಗದನಗರದ ಮೈದಾನದಲ್ಲಿ ಗೋಲ್‌ಕೀಪರ್. ಅಂಗೈ ಎಂದರೆ ಊಟದ ತಟ್ಟೆಯಷ್ಟಗಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಅವರ ಎರಡು ಕರ್ಚೀಫುಗಳು, ತಮ್ಮದೊಂದು ನನಗೊಂದು, ಚಾಲಕನ ಹಿಂದಿನ ಮೂರನೆಯ ಸೀಟಿನಲ್ಲಿ ಅಕ್ಕಪಕ್ಕ ಬಿದ್ದಿರುತ್ತಿದ್ದವು. ನಾನು ಏದುಸಿರು ಬಿಡುತ್ತ ಹತ್ತಿದರೆ, “ಬಾ ತಂಬಿ, ಇವತ್ತು ಎಷ್ಟು ರೂಪಾಯಿ ತಾಳೆ ಆಗ್ಲಿಲ್ಲ?” ಎಂದು ಜರುಗಿ ಕೂರುತ್ತಿದ್ದರು.

ಈ ಸುಖಕ್ಕೆ ಕಲ್ಲು ಬಿದ್ದದ್ದು ಫ್ಯಾಂಟಸಿ ಫುಟ್‌ಬಾಲಿನಿಂದ. ನಮ್ಮ ಬಸ್ಸಿನ ಇನ್ನೊಬ್ಬ ಖಾಯಂ ಪ್ರಯಾಣಿಕ, ಸ್ಪೇರ್ ಪಾರ್ಟ್ಸ್ ಅಂಗಡಿಯ ಹಾಲೇಶ, ಇದನ್ನು ಮೊಬೈಲಿನಲ್ಲಿ ಆಡುತ್ತಿದ್ದ. ಯಾವುದೋ ದೇಶದ ನಿಜವಾದ ಆಟಗಾರರನ್ನು ಆರಿಸಿ ನಾವು ಕಾಗದದ ಮೇಲೊಂದು ತಂಡ ಕಟ್ಟುವುದು. ಅವರು ಅಲ್ಲಿ ಗೋಲು ಹೊಡೆದರೆ ಇಲ್ಲಿ ನಮಗೆ ಪಾಯಿಂಟು. ಒಂದು ದಿನ ಅವನಿಗೇ ಬೇಜಾರಾಯಿತು. “ಹೆಸ್ರು ಹೇಳೋಕೆ ನಾಲಿಗೆ ಹೊರಳಲ್ಲ ಮಾರಾಯ. ನಮ್ಮ ಕಾಗದನಗರದ ಟೂರ್ನಮೆಂಟಿಗೇ ಆಡೋಣ. ಆರು ಟೀಮಿದೆ, ಸಾಲದಾ?” ಎಂದ. ಮುಂದಿನ ಸೀಟಿನ ಗಿರಿಜಕ್ಕ, ಶಿವಮೊಗ್ಗದ ಶಾಲೆಯೊಂದರ ಹೊಲಿಗೆ ಟೀಚರ್, ಹಿಂದೆ ತಿರುಗಿ “ನನ್ನೂ ಸೇರಿಸ್ಕೊಳಿ” ಎಂದರು. ಅನ್ಬು ಸ್ವತಃ ಆಡುವವರಾದ್ದರಿಂದ ಅವರು ಸೇರುವಂತಿಲ್ಲ, ಕೇಳಿಸಿಕೊಳ್ಳಬಹುದು ಎಂದಾಯಿತು.

ನಿಯಮ ಮಾಡಿದವನು ಹಾಲೇಶ. ಮೂವರೂ ಸರದಿಯಂತೆ ಏಳೇಳು ಆಟಗಾರರನ್ನು ಆರಿಸಬೇಕು, ಅದರಲ್ಲಿ ಒಬ್ಬ ಕೀಪರ್. ಒಬ್ಬರು ಆರಿಸಿದವನನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಆರಿಸಿದ ಮೇಲೆ ಟೂರ್ನಮೆಂಟ್ ಮುಗಿಯುವವರೆಗೆ ಬದಲಿಸುವಂತಿಲ್ಲ. ಆರಿಸುವ ಕೆಲಸ ಸಂಜೆ ಬಸ್ಸಿನಲ್ಲೇ ಆಗಬೇಕು. ನಿಮ್ಮ ಸರದಿ ಬಂದಾಗ ಬಸ್ಸು ಮುಂದಿನ ಸ್ಟಾಪಿನಲ್ಲಿ ನಿಲ್ಲುವುದರೊಳಗೆ ಹೆಸರು ಹೇಳಬೇಕು. ತಪ್ಪಿದರೆ ಹಾಲೇಶ “ಟೈಮ್ ಆಯ್ತು!” ಎಂದು ಕೂಗಿ ಸರದಿಯನ್ನು ಪಕ್ಕದವರಿಗೆ ಕೊಡುತ್ತಾನೆ. ಗೆದ್ದವರಿಗೆ ಉಳಿದಿಬ್ಬರು ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ಒಂದು ಪೊಟ್ಟಣ ಮಂಡಕ್ಕಿಗಾಗಿ ನಾನು ಮಾಡಿಕೊಂಡ ತಯಾರಿ ನೆನೆದರೆ ಈಗ ನಾಚಿಕೆಯಾಗುತ್ತದೆ.

ನಾಲ್ಕು ಭಾನುವಾರ ಛತ್ರಿ, ನೀರಿನ ಬಾಟಲಿ, ಸ್ಟಾಪ್‌ವಾಚು ಹಿಡಿದು ಅಭ್ಯಾಸ ಪಂದ್ಯಗಳಿಗೆ ಹೋದೆ. ಯಾರು ಎಷ್ಟು ಓಡುತ್ತಾರೆ, ಯಾರು ಓಡುವಂತೆ ನಟಿಸುತ್ತಾರೆ, ಯಾರು ಬಿದ್ದರೆ ಏಳಲು ಎಷ್ಟು ಹೊತ್ತು, ಎಲ್ಲ ಗುರುತು ಹಾಕಿಕೊಂಡೆ. ಎರಡನೆಯ ಭಾನುವಾರ ಒಬ್ಬ ಆಟಗಾರ ಆಟ ಬಿಟ್ಟು ಬಂದು, “ಸಾರ್, ಮೈದಾನದಲ್ಲಿ ಸೈಟ್ ಮಾಡ್ತಾರಾ? ಅಳತೆ ತಗೋತಿದೀರಲ್ಲ” ಎಂದು ಗಾಬರಿಯಿಂದ ಕೇಳಿದ. ಇಲ್ಲಪ್ಪ, ನಿನ್ನನ್ನೇ ಅಳೆಯುತ್ತಿದ್ದೇನೆ ಎಂದೆ. ಅವನಿಗೆ ಇನ್ನೂ ಗಾಬರಿಯಾಯಿತು.

ಆದರೆ ನನ್ನ ನಿಜವಾದ ಗಣಿ ಅನ್ಬುವೇ. ದಿನಾ ಸಂಜೆ ಪಕ್ಕದಲ್ಲಿ ಕೂತು ಒಬ್ಬೊಬ್ಬರ ಗುಣ ಹೇಳುತ್ತಿದ್ದರು. ಮಲವಗೊಪ್ಪದ ಕಿರಣ ಎಂಬ ಮೊಬೈಲ್ ಅಂಗಡಿಯ ಹುಡುಗನ ಕಾಲು ಬಹಳ ಚುರುಕು, ಆದರೆ ಪೆನಾಲ್ಟಿ ಎಂದರೆ ಎಲ್ಲಿಗೆ ಹೊಡೆಯಬೇಕೆಂದು ಗೊತ್ತಾಗದೆ ನಡುಗುತ್ತಾನೆ ಎಂದು ಹೇಳಿದ್ದೂ ಅವರೇ. ಎಲ್ಲರದೂ ಮುಗಿದ ಮೇಲೆ ನಾನು, “ಮತ್ತೆ ನಿಮ್ದು?” ಎಂದೆ. ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. “ಎಡಗಡೆ ಭುಜ ಒಂದ್ಸಲ ಜಾರಿತ್ತು ತಂಬಿ. ಎಡಕ್ಕೆ ಬೀಳೋಕೆ ಒಳಗೇ ಒಂದು ಭಯ. ಅರ್ಧ ಕ್ಷಣ ತಡ ಆಗುತ್ತೆ. ಟೀಮಲ್ಲಿ ಗೊತ್ತಿಲ್ಲ, ಗೊತ್ತಾದ್ರೆ ಹೊರಗೆ ಕೂರಿಸಿಬಿಡ್ತಾರೆ. ಇದು ನನ್ನ ಕೊನೇ ವರ್ಷ. ಒಂದು ಫೈನಲ್ ಆಡ್ಬೇಕು, ಅಷ್ಟೇ. ನಿನ್ನ ಹತ್ರ ಹೇಳಿದ್ದು, ಆಯ್ತಾ?” ಆಯಿತು ಎಂದೆ. ಮನೆಗೆ ಬಂದು ಅವರ ಹೆಸರಿನ ಮುಂದೆ ‘ಎಡ: ನಿಧಾನ’ ಎಂದು ಬರೆದು ಎರಡು ಅಂಕ ಕಳೆದೆ.

ಆರಿಸುವ ದಿನ ಬಂತು. ಬಸ್ಸು ಕಿಕ್ಕಿರಿದಿತ್ತು. ಮೊದಲ ಸರದಿ ಚೀಟಿಯಲ್ಲಿ ನನಗೇ ಬಂದು, ನಾನು ಕಿರಣನನ್ನು ಆರಿಸಿದೆ. “ಥ್ಯಾಂಕ್ಸ್ ಅಣ್ಣಾ!” ಎಂದು ಹಿಂದಿನ ಬಾಗಿಲ ಹತ್ತಿರದಿಂದ ಕೂಗು ಬಂತು. ನೋಡಿದರೆ ಕಿರಣ ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ. ಗಿರಿಜಕ್ಕ ತಾವು ಹುಟ್ಟಿ ಬೆಳೆದ ಬೀದಿಯ ಹುಡುಗರನ್ನೇ ಒಬ್ಬರಾದ ಮೇಲೊಬ್ಬರಂತೆ ತೆಗೆದುಕೊಂಡರು. “ಅಕ್ಕ, ಆ ಮೂರನೇವ್ನಿಗೆ ಚೆಂಡು ಕಾಣ್ಸದೇ ಇಲ್ಲ” ಎಂದು ಹಾಲೇಶ ನಕ್ಕರೆ, “ಕಾಣ್ಸದಿದ್ರೆ ಏನು, ಅವ್ನ ನಾಮಕರಣದಲ್ಲಿ ಊಟ ಮಾಡಿದೀನಿ. ಬಿಟ್ಟರೆ ಅವರಮ್ಮನ ಮುಖ ಹೇಗೆ ನೋಡ್ಲಿ?” ಎಂದರು. ಇದೂ ಒಂದು ಪದ್ಧತಿಯೇ? ಎಂದು ನಾನು ಮನಸ್ಸಿನಲ್ಲೇ ಮರುಗಿದೆ.

ಬಸ್ಸು ಮಲವಗೊಪ್ಪದ ಹತ್ತಿರ ಬರುವಾಗ ನನಗೆ ಕೀಪರ್ ಆರಿಸುವ ಸರದಿ. ಅನ್ಬು ಪಕ್ಕದಲ್ಲೇ ಇದ್ದಾರೆ. ಸುಮ್ಮನೆ ಟಿಕೆಟನ್ನು ಮಡಚುತ್ತಿದ್ದಾರೆ. ನಾನು ಇನ್ನೊಂದು ತಂಡದ ಕೀಪರ್‌ನ ಹೆಸರು ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಯಾಗಿರುತ್ತಿತ್ತು. ನನ್ನನ್ನು ಡೈರಿ ಎಂದೇ ಕರೆಯುವ ಹಾಲೇಶ, “ಅಲ್ಲೋ ಡೈರಿ, ಮೂರು ವರ್ಷದಿಂದ ಅನ್ಬು ಹಿಡಿದ ಸೀಟಲ್ಲಿ ಕೂತ್ಕೊಂಡು ಬರ್ತೀಯ, ಅವ್ರನ್ನ ತಗೊಳಲ್ವಾ? ನಾಚಿಕೆ ಆಗಲ್ವಾ?” ಎಂದ. ನನ್ನ ಪದ್ಧತಿಯನ್ನು ಯಾರಾದರೂ ಪ್ರಶ್ನಿಸಿದರೆ ನನಗೆ ತಡೆಯಲಾಗುವುದಿಲ್ಲ. “ಸ್ನೇಹ ಬೇರೆ, ಅಂಕ ಬೇರೆ. ಅವ್ರು ಎಡಕ್ಕೆ ಬೀಳೋದು ತಡ, ಭುಜದ ತೊಂದ್ರೆ ಇದೆ” ಎಂದೆ. ಬಸ್ಸಿನ ಇಂಜಿನ್ ಸದ್ದನ್ನು ಮೀರಿಸಿ, ಸ್ಪಷ್ಟವಾಗಿ, ದೂರದವರಿಗೂ ಕೇಳಿಸುವಂತೆ ಹೇಳಿದೆ.

ಅನ್ಬು ನಕ್ಕರು. “ಸರಿಯಾಗೇ ಹೇಳ್ದ” ಎಂದರು. ಆಮೇಲೆ ಭದ್ರಾವತಿಯವರೆಗೆ ಟಿಕೆಟನ್ನೇ ಮಡಚುತ್ತಿದ್ದರು. ಅದು ಕೊನೆಗೆ ಅಕ್ಕಿಕಾಳಿನಷ್ಟಾಯಿತು. ಹಿಂದೆ ನಿಂತಿದ್ದ ಕಿರಣ ಮಲವಗೊಪ್ಪದಲ್ಲಿ ಇಳಿದುಹೋಗಿದ್ದ. ಕೇಳಿಸಿಕೊಂಡನೇ ಇಲ್ಲವೇ ಎಂದು ಯೋಚಿಸುವುದು ಆಗ ನನಗೆ ಹೊಳೆಯಲೇ ಇಲ್ಲ.

ಆ ವರ್ಷ ಅನ್ಬುವಿನ ತಂಡ ಫೈನಲಿಗೆ ಬಂತು. ಎದುರಾಳಿ ಕಿರಣನ ತಂಡ. ಇಲ್ಲಿ ನನ್ನ ಪರಿಸ್ಥಿತಿಯನ್ನು ಓದುಗರು ಸ್ವಲ್ಪ ಅರ್ಥಮಾಡಿಕೊಳ್ಳಬೇಕು. ನಾನೂ ಹಾಲೇಶನೂ ಸಮಸಮ ಇದ್ದೆವು. ಕಿರಣ ಒಂದು ಗೋಲು ಹೊಡೆದರೆ ನಾನು ಗೆಲ್ಲುತ್ತೇನೆ. ಬರೆದುಕೊಳ್ಳಲು ಅನುಕೂಲವೆಂದು ನಾನು ಅನ್ಬುವಿನ ಗೋಲಿನ ಹಿಂದೆಯೇ ನಿಂತಿದ್ದೆ. ಆಟ ಮುಗಿಯುವ ಹೊತ್ತಿಗೆ ಕಿರಣನ ತಂಡಕ್ಕೆ ಪೆನಾಲ್ಟಿ ಸಿಕ್ಕಿತು. ಕಿರಣ ಚೆಂಡಿಟ್ಟು ಹಿಂದೆ ಸರಿದ. ಮೈದಾನವೆಲ್ಲ ಗಪ್ಪಾಯಿತು. ಆ ಮೌನದಲ್ಲಿ ಯಾರೋ ಒಬ್ಬ, “ಹೊಡಿ ಕಿರಣಾ, ಹೊಡಿ!” ಎಂದು ಕಿರುಚಿದ. ಅನ್ಬು ಅರ್ಧ ತಿರುಗಿ ನೋಡಿದರು. ಆ ಒಬ್ಬ ನಾನೇ ಎಂಬುದು ನನಗೆ ಗೊತ್ತಾದದ್ದು ಅವರ ಮುಖ ನೋಡಿದ ಮೇಲೆ.

ಕಿರಣ ಈ ಸಲ ನಡುಗಲಿಲ್ಲ. ನೇರವಾಗಿ ಅನ್ಬುವಿನ ಎಡಕ್ಕೆ ಹೊಡೆದ. ಅನ್ಬು ಬಿದ್ದರು, ಎಡಕ್ಕೇ, ಆ ಭುಜದ ಮೇಲೆಯೇ. ಬೆರಳ ತುದಿ ತಗುಲಿತು, ಚೆಂಡು ಒಳಗೆ ಹೋಯಿತು. ಅವರು ಏಳಲು ಎಷ್ಟು ಹೊತ್ತು ತೆಗೆದುಕೊಂಡರೆಂದು ನನಗೆ ಗೊತ್ತಿಲ್ಲ. ಎಲ್ಲರದೂ ಅಳೆದವನು ಅದೊಂದನ್ನು ಅಳೆಯಲಿಲ್ಲ. ಆಗ ನಾನು ತಲೆ ಬಗ್ಗಿಸಿ ಪಾಯಿಂಟು ಬರೆದುಕೊಳ್ಳುತ್ತಿದ್ದೆ. ತಲೆ ಎತ್ತಿದಾಗ ಕಿರಣ, ಕುಣಿಯುತ್ತಿದ್ದ ತನ್ನ ತಂಡದವರನ್ನು ಬಿಟ್ಟು, ಅನ್ಬುವಿನ ಹತ್ತಿರ ಹೋಗಿ ಅವರ ಕೈ ಹಿಡಿದು ಏನೋ ಹೇಳುತ್ತಿದ್ದ. ನಾನೂ ಹೋದೆ, ಕೂಡಿಸುವುದು ಮುಗಿದ ಮೇಲೆ. “ಎಷ್ಟು ಬಂತು ತಂಬಿ?” ಎಂದರು ಅನ್ಬು. ಕೇಳಿದರಲ್ಲ ಎಂದು ಹೇಳಿಬಿಟ್ಟೆ. ಇಂಥ ಪ್ರಶ್ನೆಗೆ ಉತ್ತರ ಕೊಡಬಾರದೆಂಬುದು ನನಗೆ ಹೊಳೆದದ್ದು ಮನೆಯಲ್ಲಿ, ಊಟದ ನಡುವೆ.

ಮರುದಿನ ಸಂಜೆ ಬಸ್ಸು ಹತ್ತಿದರೆ ಮೂರನೆಯ ಸೀಟಿನಲ್ಲಿ ಅನ್ಬುವಿನ ಪಕ್ಕ ಯಾರೋ ಅಜ್ಜ ಕೂತಿದ್ದರು. “ಜಾಗ ಸಿಗ್ಲಿಲ್ಲ ಮಾರಾಯ, ಭುಜ ನೋಯ್ತಿದೆ, ಎಸೆಯೋಕಾಗ್ಲಿಲ್ಲ” ಎಂದರು ಅನ್ಬು. ಸಿಟ್ಟಿನಲ್ಲಿ ಹೇಳಿದ್ದರೆ ನನಗೂ ಸಮಾಧಾನವಾಗುತ್ತಿತ್ತು. ಬಹಳ ಮರ್ಯಾದೆಯಿಂದ ಹೇಳಿದರು. ಭುಜ ವಾಸಿಯಾದ ಮೇಲೂ ಜಾಗ ಸಿಗಲಿಲ್ಲ. ಗೆದ್ದ ಮಂಡಕ್ಕಿಯನ್ನು ಕಂಬಿ ಹಿಡಿದುಕೊಂಡೇ ತಿಂದೆ. ಮೆಣಸಿನಕಾಯಿ ತಿನ್ನಲು ಎರಡು ಕೈ ಬೇಕು.

ಈ ವರ್ಷ ಮತ್ತೆ ಆರಿಸುವ ದಿನ ಬಂದಾಗ ನಾನು ಒಂದು ತೀರ್ಮಾನ ಮಾಡಿದ್ದೆ. ಕೋಷ್ಟಕವಿಲ್ಲ, ಸ್ಟಾಪ್‌ವಾಚಿಲ್ಲ. ಸರದಿ ಬಂದ ಕೂಡಲೇ ಎದ್ದು ನಿಂತು—ಹೇಗೂ ನಿಂತೇ ಇದ್ದೆ—ಬಸ್ಸಿಗೆಲ್ಲ ಕೇಳಿಸುವಂತೆ “ಅನ್ಬು!” ಎಂದೆ. ಹಾಲೇಶ ಪೆನ್ನು ಕೆಳಗಿಟ್ಟ. “ಅವ್ರು ಆ ಫೈನಲಿಗೇ ಆಟ ಬಿಟ್ರು ಮಾರಾಯ. ಕಿರಣಂಗೆ ಪೆನಾಲ್ಟಿ ಹೊಡೆಯೋದು ಕಲಿಸ್ತಿದಾರೆ. ನಿಂಗೆ ಗೊತ್ತಿಲ್ವಾ?” ಗಿರಿಜಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಜೀವನದಲ್ಲಿ ಒಮ್ಮೆ ಲೆಕ್ಕ ನೋಡದೆ ಮಾಡಿದ ಕೆಲಸ ಅದು. ‘ಕೊನೇ ವರ್ಷ’ ಎಂದು ಅವರೇ ಹೇಳಿದ್ದು ಡೈರಿಯಲ್ಲಿತ್ತು, ತೆರೆದು ನೋಡಿರಲಿಲ್ಲ. ಬದಲಿಸುವಂತಿಲ್ಲ ಎಂಬ ನಿಯಮವಿದೆಯಲ್ಲ, ಹಾಗಾಗಿ ಪ್ರತಿ ಭಾನುವಾರ ನನ್ನ ಕೀಪರಿಗೆ ಸೊನ್ನೆ. ಪಟ್ಟಿಯಲ್ಲಿ ನಾನು ಗಿರಿಜಕ್ಕನಿಗಿಂತ ಕೆಳಗಿದ್ದೇನೆ.

ಮೊನ್ನೆ ಸಂಜೆ ನಾನು ನಿಂತಿದ್ದದ್ದು ಸರಿಯಾಗಿ ಆ ಮೂರನೆಯ ಸೀಟಿನ ಪಕ್ಕ. ಈಗ ಎರಡನೆಯ ಕರ್ಚೀಫು ಬೀಳುವುದು ಕಿರಣನಿಗೆ. ಅವನು “ಅಣ್ಣಾ, ಕೂತ್ಕೊಳಿ” ಎಂದು ಎದ್ದ. ಅನ್ಬು ಅವನ ತೋಳು ಹಿಡಿದು ಕೂರಿಸಿ, “ಬೇಡ ಬಿಡು, ಅವ್ನಿಗೆ ನಿಂತು ನೋಡಿದ್ರೇನೇ ಎಲ್ಲಾ ಸರಿಯಾಗಿ ಕಾಣೋದು” ಎಂದರು. ಬಹಳ ದಿನಗಳ ಮೇಲೆ ನನ್ನನ್ನು ಕುರಿತು ಆಡಿದ ಮಾತು. ಬೈಗುಳವೇ ಆದರೂ ನನಗೆ ಖುಷಿಯಾಯಿತು. ಮಲವಗೊಪ್ಪದಲ್ಲಿ ಕಿರಣ ಇಳಿದ. ಸೀಟು ಖಾಲಿಯಾಯಿತು. ಅನ್ಬು ತಮ್ಮ ಕರ್ಚೀಫನ್ನು ನಿಧಾನವಾಗಿ ಮಡಚಿ, ಅದನ್ನು ಜೇಬಿಗಿಡದೆ, ಆ ಖಾಲಿ ಸೀಟಿನ ಮೇಲೆ ಇಟ್ಟು, ಕಿಟಕಿಯ ಕಡೆ ಮುಖ ತಿರುಗಿಸಿದರು.

ಇಟ್ಟದ್ದು ನನಗೋ, ಅಥವಾ ನಾನು ಕೂರದಿರಲೆಂದೋ? ಕರೆಯಲಿಲ್ಲ, ಬೇಡವೆನ್ನಲೂ ಇಲ್ಲ. ಕೂತರೆ ಏನು ಮಾತಾಡಬೇಕು, ಕ್ಷಮಿಸಿ ಎಂದು ಮೊದಲು ಹೇಳಬೇಕೋ, ಭುಜ ಹೇಗಿದೆ ಎಂದು ಮೊದಲು ಕೇಳಬೇಕೋ? ನಾನು ಎರಡೂ ಕಡೆಯ ಕಾರಣಗಳನ್ನು ಮನಸ್ಸಿನಲ್ಲೇ ಎರಡು ಸಾಲಾಗಿ ಬರೆದು ಕೂಡಿಸುತ್ತ ನಿಂತೆ. ಬಸ್ಸು ಬ್ರೇಕು ಹಾಕಿತು. ಮುಂದಿನ ಸ್ಟಾಪು.

“ಟೈಮ್ ಆಯ್ತು!” ಎಂದು ಹಾಲೇಶ ಹಿಂದಿನಿಂದ ನುಗ್ಗಿ ಬಂದು, ಕರ್ಚೀಫನ್ನೆತ್ತಿ ಅನ್ಬುವಿನ ಕೈಗಿಟ್ಟು, ಆ ಸೀಟಿನಲ್ಲಿ ಕೂತುಬಿಟ್ಟ.